ನವಿಲಿಗೆ ಬಾರಿಸಿದ ಗಂಗಾಳ

ಕಳೆದ ವಾರ ಗೋಕಾಕಿನ ನನ್ನ ಮನೆಗೆ ಬಂದ ಹಳೆಯ ನೆರೆಯವರೊಬ್ಬರು ಹಸಿ ಸೇಂಗಾ ತುಂಬಿದ ಹಿತ್ತಾಳೆಯ ಗಂಗಾಳವನ್ನು ಮೇಜಿನ ಮೇಲಿಟ್ಟರು. ಕಾಯಿಗಳಿಗಿನ್ನೂ ಹೊಲದ ಮಣ್ಣಿನ ವಾಸನೆಯಿತ್ತು. ಅವನ್ನು ಸುರುವಿಕೊಂಡ ಮೇಲೆ ತಳ ಕಂಡಿತು: ನಡುವೆ ತಗ್ಗು, ಸುತ್ತ ಸವುಟಿನ ಪೆಟ್ಟಿನ ಗುರುತುಗಳು. ಅದು ಅವರ ಅತ್ತಿಗೆಯದು. ನಾನು ಕಾಕೂ ಎನ್ನುತ್ತಿದ್ದವರದು.

ಶಾಸನಗಳ ಕಾಲನಿರ್ಣಯದಲ್ಲೇ ವೃತ್ತಿಜೀವನ ಕಳೆದ ನಾನು ನಿವೃತ್ತನಾದ ಮೇಲೆ ಕೆಲವು ವರ್ಷ ಕುಲಗೋಡದಲ್ಲಿದ್ದೆ. ನನ್ನ ಕಿಟಕಿಯಾಚೆ ಕಾಕೂ ಅವರ ಸೇಂಗಾ ಹೊಲ, ಅದಕ್ಕೆ ಹೊಂದಿಕೊಂಡೇ ಅವರ ಮೈದುನನದು, ಅಂದರೆ ಈಗ ಗಂಗಾಳ ತಂದ ನೆರೆಯವರದು. ಬಿತ್ತಿದ ಬೀಜವನ್ನು ನವಿಲುಗಳು ಕೆದರಿ ತಿನ್ನುತ್ತಿದ್ದವು. ಕಾಕೂ ಬದುವಿನ ಮೇಲೆ ನಿಂತು ಗಂಗಾಳ ಬಾರಿಸಿದರೆ ಹಿಂಡು ಕಬ್ಬಿನೊಳಗೆ ಓಡುತ್ತಿತ್ತು. “ಸರ, ನಿಮ್ಮ ಕಲ್ಲಿನ ಬರಹದಾಗ ನವಿಲ ಓಡ್ಸೂ ಮಂತ್ರ ಐತೇನ್ರಿ?” ಎಂದು ಕೇಳಿ ನಗುತ್ತಿದ್ದರು.

ಒಂದು ಮಳೆಗಾಲ, ಕಬ್ಬಿನ ಒಣಗರಿ ಸುಲಿಯುವಾಗ, ತಾಯಿ ಬಿಟ್ಟುಹೋದ ನವಿಲಿನ ಮೊಟ್ಟೆಯೊಂದು ಅವರಿಗೆ ಸಿಕ್ಕಿತು. ಕಾವಿಗೆ ಕೂತ ಕೋಳಿಯ ಕೆಳಗಿಟ್ಟರು. ನವಿಲುಮರಿ ಹೊರಬಂತು. ಅದಕ್ಕೆ ಜೋಳದ ನುಚ್ಚು ಹಾಕುವ ಮುನ್ನ ಕರೆಯಲು ಕಾಕೂ ಬಾರಿಸುತ್ತಿದ್ದುದೂ ಇದೇ ಗಂಗಾಳವನ್ನು. ಅದರಲ್ಲೇನು ತಪ್ಪಿದೆಯೆಂದು ಆಗ ಯಾರಿಗೂ, ನನಗೂ, ಹೊಳೆಯಲಿಲ್ಲ…

ಮರುವರ್ಷದ ಬಿತ್ತನೆಯಲ್ಲಿ ಅದರ ಫಲ ಕಂಡಿತು. ಗಂಗಾಳದ ಸದ್ದಿಗೆ ಹಿಂಡು ಓಡಿತು. ಕೊರಳು ನೀಲಿಗಟ್ಟಿದ್ದ ಆ ಹಕ್ಕಿ ಮಾತ್ರ ಕಾಕೂ ಅವರತ್ತ ನೇರ ನಡೆದು ಬಂತು. ಅದು ಅಂಜದ್ದನ್ನು ಕಂಡು ಓಡಿದ್ದವೂ ಒಂದೊಂದಾಗಿ ಹಿಂದಿರುಗಿದವು. ಮೈದುನನ ಹೊಲವೂ ಹಾಳಾಯಿತು.

“ವೈನಿ, ನೀವು ನವಿಲ ಓಡ್ಸಾಕತ್ತೀರೋ, ಊಟಕ್ಕ ಕರಿಯಾಕತ್ತೀರೋ?” ಎಂದರು ಮೈದುನ.

“ನಿನಗೂ ಇದರಾಗ ನೀಡೇನಿ. ನೀ ಎಂದಾರ ಓಡಿ ಹೋಗಿಯೇನು?”

“ಚ್ಯಾಷ್ಟಿ ಸಾಕ್ರಿ. ಮಂದಿ ಕಾಳಿಗೆ ವಿಷ ಹಚ್ಚೂ ಮಾತ ಆಡಾಕತ್ತಾರ. ಮೊದಲ ಸಾಯೂದು ನಿಮ್ಮ ಹಕ್ಕಿ. ಅದಕ್ಕ ಮನಷ್ಯಾರ ಅಂಜಿಕಿನ ಇಲ್ಲ.”

ಕಾಕೂ ಸವುಟನ್ನು ಕೆಳಗಿಟ್ಟರು.

ಇಲ್ಲಿಯವರೆಗೆ ಮೈದುನನ ನೆನಪಿಗೂ ನನ್ನದಕ್ಕೂ ಭೇದವಿಲ್ಲ. ಮುಂದಿನದು ಕೂಡುವುದಿಲ್ಲ. ಇಬ್ಬರೂ ಹಕ್ಕಿಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಹಳೆಯ ಸೀರೆ ಬಿಗಿದು, ಮೈದುನನ ಟೆಂಪೋದಲ್ಲಿ ದಡ್ಡಿ ಊರಿನ ಕಡೆಯ ಗುಡ್ಡಕ್ಕೆ ಒಯ್ದು ಬಿಟ್ಟು ಬಂದದ್ದು ನಿಜ. ಆದರೆ ಯಾವಾಗ? ಸೇಂಗಾ ಕಿತ್ತ ಮೇಲೆ ಎಂದೇ ನಾನು ತಿಳಿದಿದ್ದೆ; ಏಕೆಂದರೆ ಬರಿದಾದ ಹೊಲದಲ್ಲಿ ಕಾಕೂ ಗಂಗಾಳ ಬಾರಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ, ಆಗಲೂ ಹಕ್ಕಿ ಇದ್ದಿರಬೇಕಲ್ಲ. ಕಳೆದ ವಾರ ಹಾಗೆಂದಾಗ ಮೈದುನ ಅಲ್ಲವೆಂದು ತಲೆಯಾಡಿಸಿದರು. ಮೃಗಶಿರಾ ಮಳೆಯಲ್ಲಿ, ಮರುಬಿತ್ತನೆಗೆ ಮುಂಚೆಯೇ. ಮರಳುವಾಗ ಹತ್ತರಗಿಯಲ್ಲಿ ಬೀಜ ಕೊಂಡು ಅದೇ ಬುಟ್ಟಿಯಲ್ಲಿ ತಂದಿದ್ದರಂತೆ.

ಬೀಜದ ಸಾಕ್ಷ್ಯವನ್ನು ನಾನು ತಳ್ಳಿಹಾಕಲಾರೆ. ಒಪ್ಪಿದರೆ, ಹಕ್ಕಿ ಹೋಗಿ ಎಷ್ಟೋ ಕಾಲವಾದ ಮೇಲೆ, ಕಾಯಲು ಏನೂ ಇಲ್ಲದ ಹೊಲದಲ್ಲಿ ಕಾಕೂ ಯಾರಿಗಾಗಿ ಬಾರಿಸುತ್ತಿದ್ದರು? ಬಸ್ಸಿನ ದಾರಿಯತ್ತ, ಟೆಂಪೋ ಹೋದ ಅದೇ ದಾರಿಯತ್ತ, ಮುಖಮಾಡಿ ನಿಂತಿದ್ದರು… ಅಥವಾ ನಾನು ಕಂಡದ್ದು ಅದರ ಹಿಂದಿನ ವರ್ಷದ ಹೊಲವೋ? ಹಾಗಿದ್ದರೆ ಅದು ಮರಿಗೆ ನುಚ್ಚು ಹಾಕುವ ಹೊತ್ತು, ಅಷ್ಟೇ. ಎರಡು ಸುಗ್ಗಿಗಳ ನಡುವೆ ಆ ಒಂದು ಸದ್ದನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

“ಯಾರಿಗಾಗಿ ಬಾರಿಸುತ್ತೀರೆಂದು ಅವರನ್ನು ಕೇಳಲಿಲ್ಲವೆ?” ಎಂದೆ.

“ಏನಂತ ಕೇಳ್ಲಿರಿ? ಬಿಟ್ಟು ಬಂದಾಂವ ನಾನೂ ಅಲ್ಲೇನ್ರಿ?” ಎಂದರು ಮೈದುನ. ಗಂಗಾಳವನ್ನು ನನ್ನತ್ತ ಸರಿಸಿ, “ಮನ್ಯಾಗ ಇದನ್ನ ಬಾರ್ಸವರು ಯಾರೂ ಉಳದಿಲ್ಲ. ನಿಮ್ಮ ಕಡೆ ಇರ್ಲಿ” ಎಂದು ಎದ್ದರು.

ಕಾಕೂ ಈಗಿಲ್ಲ. ಉತ್ತರ ಬಲ್ಲವರು ಅವರೊಬ್ಬರೇ ಇದ್ದರು.

ನಿನ್ನೆ ಸಂಜೆ ಗಂಗಾಳವನ್ನು ತಾರಸಿಗೆ ಒಯ್ದು ಸವುಟಿನಿಂದ ಒಮ್ಮೆ ಬಾರಿಸಿದೆ. ಕಟ್ಟೆಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ನಾನು ಮಾತ್ರ, ಏಕೆಂದು ತಿಳಿಯದು, ಸದ್ದು ಅಡಗಿದ ಮೇಲೂ ರಸ್ತೆಯತ್ತ ನೋಡುತ್ತ ನಿಂತಿದ್ದೆ.