ಮೇಸ್ತ್ರಿ ಮನೆಯ ಅಡುಗೆಮನೆ ನೆಲ

ಊರವರ ಮನೆಗಳಿಗೆಲ್ಲ ಟೈಲ್ಸ್ ಹಾಕಿ ಬಂದ ಮೇಸ್ತ್ರಿಯ ಸ್ವಂತ ಅಡುಗೆಮನೆಯಲ್ಲಿ ಮಾತ್ರ ಬರೀ ಸಿಮೆಂಟು ನೆಲವಿತ್ತು. "ಮುಂದಿನ ವಾರ" ಎಂದು ಹೇಳುತ್ತ ಹೇಳುತ್ತಲೇ ಒಂಬತ್ತು ವರ್ಷ ಕಳೆದಿದ್ದವು. ಮಗಳು ಗುಬ್ಬಿಗೂ ಈಗ ಒಂಬತ್ತು.

ಗುಬ್ಬಿ ಕತೆ ಹೇಳಲು ಕುಳಿತರೆ ಮನೆಯವರು ಊಟ ಮರೆಯಬೇಕು. ಆದರೆ ಏಳು ದೊಡ್ಡದೋ ಐದು ದೊಡ್ಡದೋ ಎಂದು ಕೇಳಿದರೆ ಸಾಕು, ಅವಳ ಮುಖ ಬಾಡುತ್ತಿತ್ತು. ಮೇಸ್ತ್ರಿ ಮೊದಮೊದಲು ಗದರಿದ, ಮಗ್ಗಿ ಉರು ಹೊಡೆಸಿದ. ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರಮ್ಮ ಗುಬ್ಬಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೇಳಿದರು: "ಇದಕ್ಕೆ ಡಿಸ್ಕ್ಯಾಲ್ಕುಲಿಯಾ ಅಂತಾರೆ. ಸೋಮಾರಿತನ ಅಲ್ಲ, ದಡ್ಡತನಾನೂ ಅಲ್ಲ. ಅಂಕಿ ಇವಳ ಮನಸ್ಸಿಗೆ ಬೇಗ ಹತ್ತೋದಿಲ್ಲ, ಅಷ್ಟೇ. ಕೈಗೆ ಸಿಗೋ ವಸ್ತು ಇಟ್ಕೊಂಡು ನಿಧಾನಕ್ಕೆ ಹೇಳಿಕೊಡಿ."

ಗದರಿದ್ದನ್ನು ನೆನೆದು ಮೇಸ್ತ್ರಿಗೆ ಅಂದು ಅನ್ನ ಸೇರಲಿಲ್ಲ. ಅಷ್ಟರಲ್ಲಾಗಲೇ ಗುಬ್ಬಿ, ಪ್ರಶ್ನೆ ಮುಗಿಯುವ ಮೊದಲೇ "ಗೊತ್ತಿಲ್ಲ" ಎನ್ನುವುದನ್ನು ರೂಢಿಸಿಕೊಂಡಿದ್ದಳು. ಲೆಕ್ಕ ಬರಲಿ ಬಿಡಲಿ, ಒಮ್ಮೆ ಅವಳು ಹೆದರದೆ ಒಂದು ಸಂಖ್ಯೆ ಹೇಳಿದರೆ ಸಾಕಿತ್ತು ಅವನಿಗೆ.

ಮರುದಿನದಿಂದ, ಕೆಲಸದಲ್ಲಿ ಉಳಿದ ಟೈಲ್ಸ್ ಮನೆಗೆ ಬಂದವು. ದಿನಕ್ಕೆ ಒಂದೇ ಸಾಲು. ಗೋಡೆಯಿಂದ ಗೋಡೆಗೆ ಹತ್ತು. ಐದು ನೀಲಿ, ಐದು ಬಿಳಿ. ಏಳೆಂದರೆ ನೀಲಿಯೆಲ್ಲ ಮುಗಿದು ಬಿಳಿ ಎರಡು. ಅವನು ಪ್ರಶ್ನೆ ಕೇಳಲಿಲ್ಲ, ಮಾತಾಡುತ್ತ ಟೈಲ್ಸ್ ಕೂರಿಸಿದ. ಅವಳು ರಬ್ಬರ್ ಸುತ್ತಿಗೆಯಿಂದ ತಟ್ಟಿದಳು.

"ನಿನ್ನೆ ಹಾಕಿದ್ದನ್ನ ತುಳೀಬೇಡ ಅಂತೀರಿ. ನಾನೇನು ಹಾರ್ಕೊಂಡು ಹೋಗಿ ಅಡುಗೆ ಮಾಡ್ಲಾ?" ಎಂದು ಗುಬ್ಬಿಯ ಅಮ್ಮ ಬಾಗಿಲಲ್ಲಿ ನಿಂತು ಇಬ್ಬರನ್ನೂ ತರಾಟೆಗೆ ತೆಗೆದುಕೊಂಡಳು.

ಹನ್ನೊಂದನೆಯ ಸಾಲಿನ ದಿನ. ಏಳು ಕೂರಿಸಿದ ಮೇಸ್ತ್ರಿ ಸಿಮೆಂಟು ಕಲಸುತ್ತ, ತಲೆಯೆತ್ತದೆಯೇ, "ಗುಬ್ಬೀ, ಇನ್ನು ನಾಲ್ಕು ಬಿಳೀದು ತಾರಮ್ಮ" ಎಂದ.

ಹೊರಟವಳು ನಿಂತಳು. ಸಾಲನ್ನು ನೋಡಿದಳು. ಬೆರಳು ಮಡಚಲಿಲ್ಲ.

"ನಾಲ್ಕು ಯಾಕಪ್ಪಾ? ಮೂರಕ್ಕೇ ಜಾಗ ಇರೋದು!"

ಮೇಸ್ತ್ರಿ ತಲೆಯೆತ್ತಿದ. ಹೌದು, ಮೂರಕ್ಕೇ ಜಾಗ. ಬೇಕೆಂದೇ ಒಡ್ಡಿದ ಪರೀಕ್ಷೆಯಲ್ಲ ಅದು. ನಿಜವಾಗಿಯೂ ಬಾಯಿ ತಪ್ಪಿತ್ತು.

"ಇಪ್ಪತ್ತು ವರ್ಷ ಟೈಲ್ಸ್ ಹಾಕಿದ ಮೇಸ್ತ್ರಿಗೆ ಮೂರು ಯಾವ್ದು, ನಾಲ್ಕು ಯಾವ್ದು ಗೊತ್ತಾಗ್ಲಿಲ್ವೇ!" ಬಾಗಿಲಲ್ಲಿದ್ದ ಅಮ್ಮ ಬಿದ್ದು ಬಿದ್ದು ನಕ್ಕಳು.

"ಅಪ್ಪನ್ನ ಬೈಬೇಡಮ್ಮ." ಗುಬ್ಬಿ ಅವನ ಬೆನ್ನು ಸವರುತ್ತ ಗಂಭೀರವಾಗಿ ಹೇಳಿದಳು. "ಅಂಕಿ ಅಪ್ಪನ ಮನಸ್ಸಿಗೆ ಬೇಗ ಹತ್ತೋದಿಲ್ಲ, ಅಷ್ಟೇ. ನಾನು ನಿಧಾನಕ್ಕೆ ಹೇಳಿಕೊಡ್ತೀನಿ."

ಕಲಸಿದ್ದ ಸಿಮೆಂಟು ಗಟ್ಟಿಯಾಗುವವರೆಗೂ ಮೇಸ್ತ್ರಿ ನಕ್ಕ. ಅಂದು ಎರಡನೆಯ ಸಲ ಕಲಸಬೇಕಾಯಿತು.