ಇಂದೂಬಾಯಿಗೆ ಹಚ್ಚುವ ಗುಂಡಿ

ಕಮಲಾಪುರದ ಬಸ್ ನಿಲ್ದಾಣದಲ್ಲಿ ಭಾಗಮ್ಮ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಪಕ್ಕದವಳ ಬುಟ್ಟಿ ತನ್ನದಕ್ಕಿಂತ ಮೊದಲು ಖಾಲಿಯಾದರೆ ಅವತ್ತು ಅವಳಿಗೆ ಊಟ ಸೇರುತ್ತಿರಲಿಲ್ಲ. ಗಂಡ ತೀರಿಹೋದ ಮೇಲೆ ಮಗನನ್ನು ಬೆಳೆಸಿ, ಸೂಗಮ್ಮನನ್ನು ಸೊಸೆಯಾಗಿ ತಂದುಕೊಂಡದ್ದೂ ಯಾರಿಗಿಂತಲೂ ಹಿಂದೆ ಬೀಳಬಾರದೆಂಬ ಹಟದಿಂದಲೇ.

ತೊಂಬತ್ತೆಂಟನೆಯ ಇಸವಿಯಲ್ಲಿ ಅವಳ ಎಡ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಕಲಬುರಗಿಯ ಆಸ್ಪತ್ರೆಯಲ್ಲಿ ಕರೆಂಟು ಕೊಡಿಸಿಕೊಳ್ಳಬೇಕೆಂದರು. ಕಿರಣ ಚಿಕಿತ್ಸೆಗೆ ಅಲ್ಲಿ ಎಲ್ಲರೂ ಕರೆಂಟು ಎನ್ನುತ್ತಿದ್ದರು. ದಿನಾ ಬೆಳಗಿನ ಬಸ್ಸಿಗೆ ಅತ್ತೆ ಸೊಸೆ ಹೊರಡುತ್ತಿದ್ದರು.

ಭಾಗಮ್ಮನಿಗಿಂತ ಮುಂಚಿನ ಸರದಿ ಇಂದೂಬಾಯಿಯದು. ಕಲಬುರಗಿಯವರೇ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಹಾಗಾಗಿ ಎಲ್ಲರ ಬಾಯಲ್ಲೂ ‘ಬಾಯಾರು’. ಅದೇ ಕಾಯಿಲೆ, ಅದೇ ಎಡಭಾಗ. ಇಬ್ಬರೂ ಒಂದೇ ಪರದೆಯ ಹಿಂದೆ ಸೀರೆ ಸರಿಮಾಡಿಕೊಳ್ಳುತ್ತಿದ್ದರು. ಇಂದೂಬಾಯಿಯ ಎದೆಯ ಮೇಲೆ ಪಟ್ಟಿ ಅಂಟಿಸಿ ಕಿತ್ತ ಕೆಂಪು ಗುರುತು ಭಾಗಮ್ಮನ ಕಣ್ಣಿಗೆ ಬಿದ್ದದ್ದು ಅಲ್ಲಿಯೇ.

ಆ ಗುರುತು ಯಾತರದೆಂದು ಅವಳಿಗೆ ಗೊತ್ತಿತ್ತು. ಉದ್ದ ವೈರಿನ ತುದಿಗೆ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ವಸ್ತು. ಡಯೋಡ್ ಅನ್ನುತ್ತಿದ್ದರು. ಮೊದಲೆರಡು ದಿನ ಅವಳಿಗೂ ಹಚ್ಚಿದ್ದರು, ಆಮೇಲೆ ಬಿಟ್ಟರು. ಇಂದೂಬಾಯಿಗೆ ಮಾತ್ರ ದಿನಾ ಹಚ್ಚುತ್ತಿದ್ದರು. ಮೇಲಾಗಿ ಕಿರಣದ ಲೆಕ್ಕ ನೋಡುವ ಜಯತೀರ್ಥ ತನ್ನ ಕೋಣೆಯಿಂದ ಎದ್ದು ಬಂದು ಆಕೆಯೊಡನೆ ಮರಾಠಿಯಲ್ಲಿ ಮಾತಾಡುತ್ತಿದ್ದ. ಭಾಗಮ್ಮನಿಗೆ ಮರಾಠಿ ಬಾರದು. ತನಗೆ ಕೊಡದೆ ಮುಚ್ಚಿಟ್ಟದ್ದೆಲ್ಲ ಆ ಮಾತಿನೊಳಗೇ ಇದೆ ಅನಿಸುತ್ತಿತ್ತು.

ಯಂತ್ರ ನಡೆಸುವ ವಿಮಲಾಬಾಯಿಗೆ ಒಂದು ಚಿಪ್ಪು ಹಣ್ಣು ಒಯ್ದು ಕೊಟ್ಟಳು. ಆಕೆ ಎಲ್ಲರಿಗೂ ಹಂಚಿ ತಾನೂ ತಿಂದಳೇ ಹೊರತು ಗುಂಡಿ ಹಚ್ಚಲಿಲ್ಲ. ನೇರ ಕೇಳಿಬಿಡಿ ಎಂದು ಸೂಗಮ್ಮ ಬಸ್ಸಿನಲ್ಲಿ ಹೇಳಿದರೆ, ಬೇಡಿ ಇಸಿದುಕೊಳ್ಳುವ ಗತಿ ತನಗಿನ್ನೂ ಬಂದಿಲ್ಲ ಎಂದು ಸಿಡುಕಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ಗುಂಡಿಯೊಳಗಿನ ಔಷಧವೆಲ್ಲ ಅವರ ಭಾಷೆಯವರಿಗೇ ಹೋಗುತ್ತದೆ ಎಂಬ ಮಾತು ಮಾತ್ರ ದಾರಿಯುದ್ದಕ್ಕೂ ಅವಳ ಬಾಯಲ್ಲಿತ್ತು.

ಒಂದು ದಿನ ಇಂದೂಬಾಯಿಗೆ ತಲೆ ಸುತ್ತು ಬಂದು ಮಂಚದಿಂದ ಇಳಿಸುವಾಗ ಗಡಿಬಿಡಿಯಾಯಿತು. ವಿಮಲಾಬಾಯಿ ಗುಂಡಿಯನ್ನು ಕಿತ್ತು ವೈರನ್ನು ಮಂಚದ ಪಕ್ಕಕ್ಕೇ ಇಳಿಬಿಟ್ಟಳು. ಭಾಗಮ್ಮನನ್ನು ಮಲಗಿಸಿ, ಅಲುಗಾಡಬೇಡ ಎಂದು ಹೇಳಿ, ಬಾಗಿಲು ಮುಚ್ಚಿಕೊಂಡು ಹೊರಗೆ ಹೋದಳು. ಭಾಗಮ್ಮ ಬಲಗೈ ಚಾಚಿ ವೈರನ್ನು ಎಳೆದುಕೊಂಡು ಗುಂಡಿಯನ್ನು ಎದೆಯ ಮೇಲಿಟ್ಟುಕೊಂಡಳು. ತಣ್ಣಗಿತ್ತು. ದಕ್ಕಬೇಕಾದದ್ದು ಕೊನೆಗೂ ದಕ್ಕಿತೆಂದು ಕಣ್ಣು ಮುಚ್ಚಿದಳು.

ಯಂತ್ರ ಶುರುವಾದ ತುಸು ಹೊತ್ತಿಗೇ ನಿಂತುಹೋಯಿತು. ಯಾರಿಗೂ ಹಚ್ಚದ ಗುಂಡಿಯ ಮೀಟರಿನಲ್ಲಿ ಅಂಕಿ ಏರುತ್ತಿರುವುದನ್ನು ವಿಮಲಾಬಾಯಿ ಹೊರಗೆ ಕಂಡಿದ್ದಳು. ಒಳಗೆ ಬಂದವಳು ಚೆನ್ನಾಗಿ ಬೈದಳು. ಜಯತೀರ್ಥನೂ ಓಡಿಬಂದ. ಅವನು ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತ.

"ಇದರಾಗ ಔಷಧ ಇಲ್ಲವ್ವಾ. ಮೈಮ್ಯಾಲ ಎಷ್ಟು ಕರೆಂಟ್ ಬಿತ್ತು ಅಂತ ಅಳಿಯೋದು ಇದು. ನಿನ್ನ ಅಂಕಿ ಎರಡೇ ದಿನದಾಗ ಸರಿ ಬಂತು, ಅದಕ್ಕ ಬಿಟ್ವಿ. ಇದು ಕುಂತ ಜಾಗದ ಕೆಳಗ ಕರೆಂಟ್ ತುಸು ಕಮ್ಮಿನೇ ಬೀಳ್ತದ. ಸುಮ್ಮನ ದಿನಾ ಯಾಕ ಹಚ್ಚಬೇಕು?"

"ಮತ್ತ ಆ ಬಾಯಾರಿಗೆ?"

ಅದು ಅವರ ಸಂಗತಿ, ಅವರನ್ನೇ ಕೇಳು ಎಂದು ಅವನು ಎದ್ದುಹೋದ. ಅವಳನ್ನು ಮತ್ತೆ ಸರಿಯಾಗಿ ಮಲಗಿಸಿ ಉಳಿದ ಕರೆಂಟು ಕೊಟ್ಟರು.

ಹೊರಗೆ ಇಂದೂಬಾಯಿ ಬೆಂಚಿನ ಮೇಲೆ ಕೂತಿದ್ದರು. ನಡೆದದ್ದೆಲ್ಲ ಅವರ ಕಿವಿಗೆ ಬಿದ್ದಿತ್ತು. ಭಾಗಮ್ಮ ತಲೆ ತಗ್ಗಿಸಿಕೊಂಡು ಹಾದುಹೋಗುತ್ತಿದ್ದರೆ ಸೆರಗು ಹಿಡಿದು ಕೂರಿಸಿಕೊಂಡರು. ಆಪರೇಷನ್ ಆದ ಮೇಲೆ ತಮ್ಮ ಎಡಗೈ ಮೇಲೇಳದು, ಅದಕ್ಕೇ ಮಲಗುವುದು ದಿನಕ್ಕೊಂದು ಥರ ಆಗಿ ಅಂಕಿ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುತ್ತದೆ ಎಂದರು.

"ನಿನಗ ಗುಂಡಿ ಬಿಟ್ಟ ದಿನ ನಾ ಮನಿಗಿ ಹೋಗಿ ಅತ್ತಿದ್ದೆ. ನೀ ಕೈ ಎತ್ತಿ ಸೆರಗು ಹೊದಿಯೋದು ನೋಡಿದ್ರ ನನ್ನ ಹೊಟ್ಟಿ ಉರಿತಿತ್ತು, ಭಾಗವ್ವ."

ತನ್ನನ್ನು ಕಂಡು ಯಾರಿಗಾದರೂ ಹೊಟ್ಟೆ ಉರಿದೀತೆಂದು ಭಾಗಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಕೇಳಿ ಸಂಕಟವಾಗಬೇಕಿತ್ತು, ಬೆಲ್ಲ ತಿಂದಷ್ಟು ಹಿತವಾಯಿತು. ಮರುದಿನ ಪರದೆಯ ಹಿಂದೆ ಬೇಕೆಂದೇ ಕೈಯನ್ನು ನೆತ್ತಿಯ ಮೇಲೆತ್ತಿ ತುರುಬು ಕಟ್ಟಿಕೊಂಡಳು. ಇಂದೂಬಾಯಿ ಕುಪ್ಪಸದ ತೋಳಿಗೆ ಕೈ ತೂರಿಸಲಾಗದೆ ತುಟಿ ಕಚ್ಚಿ ನಿಂತರು. ಅದನ್ನು ನೋಡಿದ ಮೇಲೆ ಭಾಗಮ್ಮನಿಗೆ ಆ ಹಿತ ಉಳಿಯಲಿಲ್ಲ. ತೋಳು ತಾನೇ ಹಿಡಿದು ತೊಡಿಸಿದಳು. ಮತ್ತೆ ಬುಟ್ಟಿ ಹೊರಬೇಕೆಂದು ತಾನು ಮನೆಯಲ್ಲಿ ಗೋಡೆಗೆ ಬೆರಳೂರಿ ಮೇಲೆ ಮೇಲೆ ಸರಿಸುತ್ತ ಕೈ ಪಳಗಿಸಿಕೊಂಡದ್ದನ್ನು ಹೇಳಿ, ಆಸ್ಪತ್ರೆಯ ಗೋಡೆಯ ಮೇಲೆಯೇ ಮಾಡಿ ತೋರಿಸಿದಳು.

ದಿನ ಕಳೆದಂತೆ ಇಂದೂಬಾಯಿಯ ಕೈ ಏರತೊಡಗಿತು, ಅಂಕಿ ಸರಿಬಂತು, ಗುಂಡಿ ಬಿಟ್ಟರು. ಬಾಯಾರು ಬಹಳ ಕಷ್ಟಪಟ್ಟರು ಎಂದು ಜಯತೀರ್ಥ ಎಲ್ಲರೆದುರು ಹೊಗಳಿದ. ಕಲಿಸಿದವಳ ಹೆಸರೆತ್ತಲಿಲ್ಲವೆಂದು ಅವತ್ತು ಬಸ್ಸಿನಲ್ಲಿ ಸೂಗಮ್ಮ ಮತ್ತೆ ಅತ್ತೆಯ ದೂರನ್ನೆಲ್ಲ ಕೇಳಬೇಕಾಯಿತು.

ಭಾಗಮ್ಮ, ಇಂದೂಬಾಯಿ ಇಬ್ಬರೂ ಬದುಕುಳಿದರು. ವರ್ಷಗಳಾದ ಮೇಲೆ ಒಮ್ಮೆ ತಪಾಸಣೆಗೆ ಬಂದಾಗ ಭಾಗಮ್ಮ ಇಂದೂಬಾಯಿಯ ಮನೆಗೆ ಹೋಗಿದ್ದಳು. ಇಂದೂಬಾಯಿ ಎಡಗೈಯಿಂದಲೇ ಮೇಲಿನ ಹಲಗೆಯ ಅವಲಕ್ಕಿ ಡಬ್ಬಿ ಇಳಿಸಿ ತಟ್ಟೆ ತುಂಬಿಸಿದರು. ಭಾಗಮ್ಮ ಅವಲಕ್ಕಿ ಬಿಟ್ಟು ಆ ಹಲಗೆಯನ್ನೇ ನೋಡುತ್ತಿದ್ದಳು.

"ಬಾಯಾರ, ನಿಮ್ಮ ಕೈ ನನಗಿಂತ ಮ್ಯಾಲ ಹೋಗ್ತದಲ್ರೀ," ಎಂದಳು, ತುಸು ಬೇಸರದಿಂದಲೇ.