ಮಾಳಪ್ಪ ಕೊಟ್ಟದ್ದು

ಮಾಳಪ್ಪ ತನ್ನ ಫೋನಿಗೆ ಒಂದು ಆ್ಯಪ್ ತರಬೇಕಾದರೆ ಹಿಂದಿನ ದಿನವೇ ಧೋತರ ಒಗೆದು ಹಾಕುತ್ತಿದ್ದ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಭಂಡಾರ ಹಚ್ಚಿ, ಹೆಗಲಿಗೆ ಕಂಬಳಿ ಏರಿಸಿ, ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಕಟ್ಟಿಕೊಂಡು ದಾಳಿಂಬದ ರಸ್ತೆಗೆ ಬಂದು ಆಟೋ ಹಿಡಿಯುತ್ತಿದ್ದ. ಉಮರ್ಗಾದಲ್ಲಿ ಇಳಿದು ಬಸ್ಸು ಹತ್ತಿ, ಔರಾದ ಶಹಾಜನಿಯಲ್ಲಿ ತಂಗಿ ಗಂಗವ್ವನ ಮನೆ ಮುಟ್ಟುವಾಗ ಮಧ್ಯಾಹ್ನವಾಗಿರುತ್ತಿತ್ತು. ಊಟ, ಸುಖದುಃಖ, ಒಂದು ದಿನದ ವಸತಿ. ಮರುದಿನ ಎದುರಿಗೇ ಕೂತು, ತಂಗಿಯ ಫೋನಿನಿಂದ ವಾಟ್ಸಾಪಿನಲ್ಲಿ ತನ್ನ ಫೋನಿಗೆ ಆ್ಯಪನ್ನು ಇಳಿಸಿಕೊಂಡು, ಆಕೆ ಕಟ್ಟಿಕೊಟ್ಟ ಬುತ್ತಿಯೊಂದಿಗೆ ಊರಿಗೆ ಮರಳುತ್ತಿದ್ದ. ಅದೇ ಆ್ಯಪ್ ಫೋನಿನೊಳಗಿನ ಅಂಗಡಿಯಲ್ಲಿ, ಕೂತಲ್ಲೇ, ಚಹಾ ಆರುವುದರೊಳಗೆ ಸಿಗುತ್ತಿತ್ತು. ಇದನ್ನು ನಾನು ಅವನಿಗೆ ಉದಾಹರಣೆ ಸಮೇತ ವಿವರಿಸಿದ್ದುಂಟು.

"ಅಂಗಡಿದಾಗ ಇಟ್ಟಾರ, ಖರೇ," ಎಂದಿದ್ದ ಮಾಳಪ್ಪ. "ಯಾರ ಕೈದು ಅಂತ ಗೊತ್ತದೇನ್ರೀ ಗುರುಜಿ? ಟಗರು ತರ್ಬೇಕಾದ್ರ ಯಾರ ಹಿಂಡಿಂದು, ಅದರ ತಾಯಿ ಹ್ಯಾಂಗಿತ್ತು ಅಂತ ಕೇಳ್ತೀವಿ. ಇದು ಎದಿ ಮ್ಯಾಲಿನ ಕಿಸೆದಾಗ ಇರಾದು. ಇದರ ಮನೆತನ ಕೇಳ್ಬಾರ್ದೇನು?"

ಮರಾಠಿ ಸೀಮೆಯೊಳಗಿನ ಉಮರ್ಗಾದ ಕನ್ನಡ ಶಾಲೆಯಲ್ಲಿ ಬಹುಕಾಲ ಮಾಸ್ತರಿಕೆ ಮಾಡಿದವನು ನಾನು. ಈ ಪ್ರಶ್ನೆಗೆ ಉತ್ತರ ಯಾವ ಇಯತ್ತೆಯ ಪುಸ್ತಕದಲ್ಲೂ ಇರಲಿಲ್ಲ.

ತೊಡಕು ಏನೆಂದರೆ, ಅಂಗಡಿಯಿಂದ ಬಾರದ ಆ್ಯಪನ್ನು ಫೋನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಗಿಲಲ್ಲೇ ತಡೆದು, ಇದು ಅಪರಿಚಿತ ಮೂಲದಿಂದ ಬಂದಿದೆ, ಹಾನಿ ಮಾಡಬಹುದು ಎಂದು ಮರಾಠಿಯಲ್ಲಿ ಎಚ್ಚರಿಕೆ ಕೊಡುತ್ತದೆ. ಮಾಳಪ್ಪನಿಗೆ ಮಾತಾಡುವ ಮರಾಠಿ ಬರುತ್ತಿತ್ತು, ಓದುವ ಮರಾಠಿ ಬರುತ್ತಿರಲಿಲ್ಲ. ಆದ್ದರಿಂದ ಮೊದಲ ಸಲ ತಂದಾಗ ಆ ಎಚ್ಚರಿಕೆಯನ್ನು ನನ್ನ ಮನೆಯ ಕಟ್ಟೆಗೆ ತಂದು ಓದಿಸಿದ. ನಾನು ಕನ್ನಡಕ ಹಾಕಿಕೊಂಡು, ಕೋರ್ಟಿನ ಸಮನ್ಸು ಓದುವ ಧಾಟಿಯಲ್ಲಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ. ಅವನ ಮುಖ ಕೆಂಪಾಯಿತು.

"ಗುರ್ತು ಇಲ್ದವರಾ? ನನ್ನ ಒಡಹುಟ್ಟಿದ ತಂಗಿ ಮನಿಯಿಂದ ಬಂದದ ಅಂತ ಹೇಳ್ರಿ ಅದಕ್ಕ."

"ಅದಕ್ಕ ಕಿವಿ ಇಲ್ಲೋ ಮಾಳಪ್ಪಾ."

"ಕಿವಿ ಇಲ್ದವ್ರಿಗೆ ಇಷ್ಟು ಬಾಯಿ ಯಾಕ ಬೇಕಿತ್ರೀ?"

ಆ ಬಾಯಿ ಮುಚ್ಚಿಸುವ ಗುಂಡಿ ಫೋನಿನ ಒಳಮನೆಯಲ್ಲಿ ಎಲ್ಲೋ ಇತ್ತು. ಅರ್ಧ ತಾಸು ಹುಡುಕಿ ಕಂಡುಹಿಡಿದವನು ನಾನೇ. ಒಮ್ಮೆ ಒತ್ತಿದೆ. ವಾಟ್ಸಾಪಿನಿಂದ ಏನೇ ಬಂದರೂ ಇನ್ನು ಫೋನು ಆ ಪ್ರಶ್ನೆ ಕೇಳದಂತಾಯಿತು. ಪದವಿ ಪ್ರದಾನ ಮಾಡಿದವನಂತೆ ಫೋನನ್ನು ಎರಡೂ ಕೈಯಿಂದ ಹಿಂತಿರುಗಿಸಿದೆ. ನನ್ನ ನಿವೃತ್ತ ಜೀವನದಲ್ಲಿ ನಾನು ಸಾಧಿಸಿದ್ದು ಅದೊಂದು, ಅದೂ ಹೀಗೆ.

ಮಾಳಪ್ಪ ಬೀರಪ್ಪ ದೇವರ ಒಕ್ಕಲು. ನಲವತ್ತು ಕುರಿ, ನಾಲ್ಕು ಎಕರೆ ತೊಗರಿ, ಒಂದು ಡೊಳ್ಳು. ಡೊಳ್ಳಿನ ಪದ ಹಾಡಲು ಕೂತರೆ ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತದೆ ಎಂದು ಜನ ಅವನ ಹಿಂದೆ ಹೋಗಿ ನೋಡುತ್ತಿದ್ದರು. ಉದಗೀರದಲ್ಲಿದ್ದ ಅವನ ಅಳಿಯ ಆ ಪದಗಳನ್ನೆಲ್ಲ ಧ್ವನಿಮುದ್ರಿಸಿ, ತನಗೆ ತಿಳಿದಂತೆ ಒಂದು ಆ್ಯಪ್ ಮಾಡಿದ್ದ. ಅದನ್ನು ಅಂಗಡಿಯಲ್ಲಿ ಇಡುವ ಉಪದ್ವ್ಯಾಪಕ್ಕೆ ಹೋಗದೆ ಮಾವನ ಫೋನಿಗೆ ಹಾಕಿಕೊಟ್ಟ. ಮಾಳಪ್ಪ ಅದನ್ನು ಊರಿಂದೂರಿಗೆ ಒಯ್ದ. ದಾಳಿಂಬ, ನಿಲಂಗಾ, ಔರಾದ. ಪ್ರತಿಯೊಂದು ಫೋನನ್ನೂ ತಾನೇ ಕೈಯಲ್ಲಿ ಹಿಡಿದು, ತನ್ನ ಎದುರಿಗೇ ಇಳಿಸಿ, ಅದೇ ಗುಂಡಿ ಒತ್ತಿಸಿ, ಒಂದು ಪದ ಪೂರ್ತಿ ಕೇಳಿಸಿಯೇ ಏಳುತ್ತಿದ್ದ. ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ ವಿಚಾರಿಸುವುದೂ ಇತ್ತು. "ಹ್ಯಾಂಗ ನಡೀಲತ್ತದ? ಫೋನಿಗೇನೂ ತ್ರಾಸ್ ಇಲ್ಲಲ್ಲ?" ಹೆಣ್ಣು ಕೊಟ್ಟ ಮನೆಯ ಕಡೆ ಹಾಯ್ದು ಬರುವ ತಂದೆಯ ಗತ್ತು ಅದು. ಹೀಗಾಗಿ ನಮ್ಮ ಸೀಮೆಯಲ್ಲಿ ಒಂದು ಮಾತು ಹುಟ್ಟಿತು. ಯಾರಾದರೂ ಫೋನಿನಲ್ಲಿ ಹೊಸದೇನೋ ಕಂಡು ಅನುಮಾನಪಟ್ಟರೆ, "ಮಾಳಪ್ಪ ಕೊಟ್ಟದ್ದು" ಎಂದರೆ ಸಾಕು, ಅನುಮಾನ ಅಲ್ಲಿಗೆ ಮುಗಿಯುತ್ತಿತ್ತು.

ಹೋದ ಲಗ್ನದ ಹಂಗಾಮಿನಲ್ಲಿ ಅವನು ಅವಸರದಿಂದ ನನ್ನ ಕಟ್ಟೆಗೆ ಬಂದ. ನಿಲಂಗಾದ ಬೀಗರ ನಂಬರಿನಿಂದ ಲಗ್ನಪತ್ರಿಕೆ ಬಂದಿತ್ತು, ಆದರೆ ತೆರೆಯುತ್ತಿರಲಿಲ್ಲ.

"ಅವ್ರ ಸಣ್ಣ ಮಗಳದು ಇರ್ಬೇಕ್ರೀ. ತಾರೀಖು ಯಾವುದು ಅಷ್ಟು ನೋಡ್ರಿ."

ನೋಡಿದೆ. ಗಣಪತಿಯ ಚಿತ್ರವಿತ್ತು, ಕೆಳಗೆ ಇಳಿಸಿಕೊಳ್ಳಿ ಎಂದಿತ್ತು. ಒತ್ತಿದರೆ ಬಾಗಿಲ ಕಾವಲುಗಾರನ ಸುದ್ದಿಯೇ ಇಲ್ಲ. ಅವನ ಬಾಯಿ ಮುಚ್ಚಿಸಿದವನು ನಾನೇ ಅಲ್ಲವೇ. ಆಮೇಲೆ ಪತ್ರಿಕೆಯೇ ಕೇಳಿತು, ನಿಮಗೆ ಬರುವ ಸಂದೇಶಗಳನ್ನು ಓದಬಹುದೇ, ನಿಮ್ಮಲ್ಲಿರುವ ನಂಬರುಗಳನ್ನು ನೋಡಬಹುದೇ. ಲಗ್ನಪತ್ರಿಕೆಗೆ ಇವೆಲ್ಲ ಏಕೆ ಬೇಕು ಎಂದು ಒಂದು ಕ್ಷಣ ಯೋಚಿಸಿದೆ. ಕರೆಯುವವರಿಗೆ ಮನೆಮಂದಿಯ ಲೆಕ್ಕ ಬೇಕಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಹೌದು, ಹೌದು ಎಂದು ಒತ್ತಿದೆ. ಪತ್ರಿಕೆ ಆಗಲೂ ತೆರೆಯಲಿಲ್ಲ. "ನಾಳಿ ಫೋನ್ ಮಾಡಿ ಕೇಳ್ತೀನಿ ತೊಗೋರಿ," ಎಂದು ಮಾಳಪ್ಪ ಚಹಾ ಕುಡಿದು ಹೋದ.

ಮರುದಿನ ಅದೇ ಪತ್ರಿಕೆ ಮಾಳಪ್ಪನ ನಂಬರಿನಿಂದ, ಡೊಳ್ಳು ಹೊತ್ತ ಅವನ ಫೋಟೋದೊಂದಿಗೆ, ಅವನ ಬಳಗಕ್ಕೆಲ್ಲ ಹೋಯಿತು. ಅವನು ಕಳಿಸಿರಲಿಲ್ಲ, ಬೀಗರೂ ಕಳಿಸಿರಲಿಲ್ಲ, ಯಾರ ಲಗ್ನವೂ ಇರಲಿಲ್ಲ. ಬೇರೆ ಯಾರು ಕಳಿಸಿದ್ದರೂ ಮಂದಿ ಎರಡು ಸಲ ನೋಡುತ್ತಿದ್ದರು. ಇದು ಮಾಳಪ್ಪ ಕೊಟ್ಟದ್ದು. ತೆರೆದರು. ಸಂಜೆಯೊಳಗೆ ಔರಾದದಲ್ಲಿ ಗಂಗವ್ವನ ಬ್ಯಾಂಕಿನ ಖಾತೆ ಬರಿದಾಗಿತ್ತು. ಅಷ್ಟರಲ್ಲಿ ಮಾಳಪ್ಪನನ್ನು ಅವನದೇ ವಾಟ್ಸಾಪಿನಿಂದ ಯಾರೋ ಹೊರಗೆ ಹಾಕಿ ಅಗಳಿ ಹಾಕಿಕೊಂಡಿದ್ದರು.

ನಾನೂ ಅವನೂ ದೂರು ಬರೆಸಲು ಪೊಲೀಸ್ ಠಾಣೆಗೆ ಹೋದೆವು. ಅಲ್ಲಿ ಬರೆದುಕೊಳ್ಳುವವರು ಸಜ್ಜನರು. "ಕೋಣೀ ಪಾಠವ್ಲಂ?" ಎಂದು ಕೇಳಿದರು, ಯಾರು ಕಳಿಸಿದ್ದು ಎಂದು.

"ನನ್ನ ನಂಬರಿನಿಂದ ಹೋಗ್ಯದ ಸಾಹೇಬ್ರ."

ಹಾಗಾದರೆ ನೀವು ದೂರು ಕೊಡುವವರೋ, ದೂರು ನಿಮ್ಮ ಮೇಲೋ ಎಂದು ಅವರು ಪೆನ್ನು ಎತ್ತಿ ಹಿಡಿದು ಕೇಳಿದರು.

ಮಾಳಪ್ಪ, "ಎರಡೂ ಕಡಿ ನಂದೇ ಹೆಸ್ರು ಬರ್ಕೋರಿ," ಎಂದ.

ಗುಂಡಿ ಒತ್ತಿದ ಬೆರಳು ನನ್ನದು ಎಂದು ಆಗ ನಾನು ಹೇಳಬೇಕಾಗಿತ್ತು. ಕನ್ನಡಕ ಒರೆಸಿಕೊಂಡೆ, ಅಷ್ಟೇ.

ಕಳೆದುಹೋದ ಹೆಸರನ್ನು ತಿರುಗಿ ತರಲು ಅವನಿಗೆ ಒಂದೇ ದಾರಿ ಗೊತ್ತಿತ್ತು. ಹೇಗೆ ಕೊಟ್ಟಿದ್ದನೋ ಹಾಗೆಯೇ ಹೊರಟ. ಧೋತರ, ಭಂಡಾರ, ಕಂಬಳಿ, ಆಟೋ. ಮನೆಮನೆಗೆ ಹೋಗಿ, "ನಾ ಕಳ್ಸಿಲ್ರೀ, ತೆಗೀರಿ," ಎಂದು ಕೈ ಮುಗಿದ. ಕೆಲವು ಮನೆಗಳಿಗೆ ನಾನೂ ಜೊತೆಗೆ ಹೋಗಿದ್ದೆ. ಯಾರೂ ಅವನಿಗೆ ಎದುರು ಮಾತಾಡಲಿಲ್ಲ, ನೀರು ಕೊಟ್ಟರು, ಕೂರಿಸಿದರು. ಆದರೆ ಪತ್ರಿಕೆಯನ್ನು ಅಳಿಸಿದ ಬೆರಳು ಹಾಗೆಯೇ ಮುಂದೆ ಸರಿದು ಡೊಳ್ಳಿನ ಪದಗಳ ಮೇಲೆ ನಿಲ್ಲುತ್ತಿತ್ತು. ಅದೂ ಅಂಗಡಿಯಿಂದ ಬಂದದ್ದಲ್ಲವಲ್ಲ. ಮೊದಲ ಮನೆಯವನು ಅನುಮಾನದಿಂದ ಅವನ ಮುಖ ನೋಡಿದಾಗ ಮಾಳಪ್ಪನೇ ಹೇಳಿದ, "ಅದ್ನೂ ತೆಗೀರಿ. ಅದೂ ನನ್ನ ಕೈಯಿಂದೇ ಬಂದದ." ಮುಂದಿನ ಮನೆಗಳಲ್ಲಿ ಅವರು ಕೇಳುವ ಮೊದಲೇ ಹೇಳತೊಡಗಿದ. ಒಂದೊಂದು ಮನೆಯಲ್ಲೂ ಅವನ ದನಿ ಹೀಗೆ ಅವನೆದುರಿಗೇ ಅಳಿಯುತ್ತ ಹೋಯಿತು.

ಗಂಗವ್ವನ ಮನೆಗೆ ಕೊನೆಗೆ ಹೋದೆವು. ಬೈಯುತ್ತಾಳೆಂದು ಅವನು ದಾರಿಯುದ್ದಕ್ಕೂ ಸಿದ್ಧನಾಗಿ ಕೂತಿದ್ದ. ಆಕೆ ಬೈಯಲಿಲ್ಲ. ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು.

"ಅಣ್ಣಾ, ನೀ ಕೊಟ್ಟೀದಿ ಅಂತ ತೆರ್ದೆ. ನಾಳಿ ಕೊಟ್ರೂ ತೆರೀತೀನಿ. ನಿನ್ನ ಕೈಯಿಂದು ತೆರೀಬ್ಯಾಡ ಅಂದ್ರ ನಾ ಯಾರ ಕೈಯಿಂದು ತೆರೀಲಿ?"

ಬಸ್ಸು ನಿಲಂಗಾದಲ್ಲಿ ನಿಂತಾಗ ಮಾಳಪ್ಪ ಕಂಬಳಿ ಸರಿಪಡಿಸಿಕೊಂಡ. ಆಮೇಲೆ, "ಬೈದಿದ್ರ ಛಲೋ ಇತ್ರೀ ಗುರುಜಿ," ಎಂದ.

ಕೊನೆಯ ಸಲ ನನಗೆ ಅವನು ಸಿಕ್ಕಿದ್ದು ಉಮರ್ಗಾದ ಬಸ್ ಸ್ಟ್ಯಾಂಡಿನಲ್ಲಿ. ಕಿಸೆಯಲ್ಲಿ ಗುಂಡಿ ಒತ್ತುವ ಸಣ್ಣ ಫೋನಿತ್ತು. ಮೈ ಇಳಿದಿತ್ತು.

"ಗುರುಜಿ, ನನ್ನ ಹೆಸ್ರಿನ್ಯಾಗ ಯಾರೋ ಇನ್ನಾ ಕುಂತಾರಂತ. ಎಬ್ಬಿಸ್ಲಾಕ ಬರ್ತದೇನ್ರೀ?"

"ನೋಡೂಣು," ಎಂದೆ. ಉತ್ತರ ಬಾರದಾಗ ಮಾಸ್ತರರು ಹೇಳುವ ಮಾತು ಅದು. ಅವನು ಅದನ್ನು ನಂಬಿ ಆಟೋ ಹತ್ತಿದ. ಗುಂಡಿಯ ತಪ್ಪು ನನ್ನದೆಂದು ಅಂದೂ ಹೇಳಲಾಗಲಿಲ್ಲ. ತೊಗರಿ ಹೂ ಬಿಡುವ ಹೊತ್ತಿಗೆ ಎರಡು ದಿನದ ಜ್ವರದಲ್ಲಿ ಹೋಗಿಬಿಟ್ಟ. ಮಣ್ಣಿಗೆ ಹೋದಾಗ ಡೊಳ್ಳು ಬಾರಿಸಿದವರು ಬಾರಿಸಿದರು. ಅವನ ಪದ ಹಾಕೋಣವೆಂದು ಯಾರೋ ಫೋನು ತೆಗೆದರು. ಅಲ್ಲಿ ನಿಂತ ಯಾರ ಫೋನಿನಲ್ಲೂ, ಅಳಿಯನದರಲ್ಲೂ, ಅದು ಉಳಿದಿರಲಿಲ್ಲ.

ಮೊನ್ನೆ ಊಟಕ್ಕೆ ಕೂತಿದ್ದಾಗ ನನ್ನ ಫೋನು ಟಿಣ್ ಎಂದಿತು. ಡೊಳ್ಳು ಹೊತ್ತ ಮಾಳಪ್ಪ. ಕೆಳಗೆ ಗಣಪತಿ, ಲಗ್ನಕ್ಕೆ ತಪ್ಪದೆ ಬರಬೇಕೆಂಬ ವಿನಂತಿ. ಕೈ ತೊಳೆಯುವುದರೊಳಗೆ ಔರಾದದಿಂದ ಗಂಗವ್ವನ ಕರೆ.

"ಗುರುಜಿ, ಅಣ್ಣನ ಹೆಸರಿಲೆ ಪತ್ರಿಕಿ ಬಂದದ್ರೀ."

"ನನಗೂ ಬಂದದ. ತೆರೀಬ್ಯಾಡವ್ವಾ. ಅದು ಆ ಕಳ್ಳರದೇ ಕೆಲ್ಸ. ಅಳಿಸಿಬಿಡು."

 ಫೋನಿನಲ್ಲಿ ಆಕೆಯ ಹಿಂದೆ ಕುರಿ ಅರಚುವುದು ಕೇಳುತ್ತಿತ್ತು.

"ಫೋಟೋ ಅಂವಂದೇ ಅದ್ರೀ," ಎಂದಳು. "ತೆರ್ಯಾದಿಲ್ಲ. ಆದ್ರ ನನ್ನ ಕೈಲೆ ಅಳಿಸ್ಲಾಕ ಆಗಲ್ರೀ. ಇರ್ಲಿ ಬಿಡ್ರಿ, ಬಂದಾನ, ಹೊರಗ ಕುಂದರ್ಲಿ."